ಗೋದಾಮಿನಲ್ಲಿಲ್ಲದ ಉಡುಪು

ಬಟ್ಟೆ ವ್ಯಾಪಾರಿಯೊಬ್ಬರನ್ನು ನಿಮ್ಮ ಅಂಗಡಿಯಲ್ಲಿರುವ ಮಾಲಿನ ಬೆಲೆ ಎಷ್ಟು ಎಂದು ಕೇಳಿ ನೋಡಿ. ಅವರು ಮೊದಲು ನಗುತ್ತಾರೆ. ಕೊಂಡ ಬೆಲೆ ಒಂದು, ಚೀಟಿಯ ಮೇಲೆ ಅಚ್ಚಾಗಿರುವುದು ಇನ್ನೊಂದು, ದೀಪಾವಳಿ ಕಳೆದ ಮೇಲೆ ಕೈಗೆ ಬರುವುದು ಮತ್ತೊಂದು. ಚಿನ್ನಕ್ಕೆ ದಿನದ ದರವಿದೆ, ಅಕ್ಕಿಗೆ ಮಂಡಿಯ ದರವಿದೆ. ಹೋದ ವರ್ಷದ ಡಿಸೈನಿನ ಉಡುಪಿಗೆ ಮಾತ್ರ ಅದರ ಒಡೆಯ ಹೇಳಿದ್ದೇ ದರ. ಸಣ್ಣ ಅಂಗಡಿಯಲ್ಲಿ ಈ ಅಂದಾಜು ತಪ್ಪಿದರೆ ನಷ್ಟ ಯಜಮಾನನಿಗೆ. ಅದೇ ಅಂದಾಜು ಷೇರು ಮಾರುಕಟ್ಟೆಯಲ್ಲಿರುವ ಕಂಪನಿಯ ವಾರ್ಷಿಕ ವರದಿಯಲ್ಲಿ ಸೇರಿಕೊಂಡರೆ, ಅದನ್ನು ನಂಬಿ ಹಣ ಹೂಡಿದವರು, ಸಾಲ ಕೊಟ್ಟವರು, ಸಂಬಳಕ್ಕೆ ದುಡಿಯುವವರು ಎಲ್ಲರೂ ಅದರ ಪಾಲುದಾರರು.

ಉಡುಪು ಕಂಪನಿಗಳ ಲೆಕ್ಕಪತ್ರ ವಂಚನೆಗಳನ್ನೂ ಅವುಗಳ ಮೇಲೆ ನಿಯಂತ್ರಕರು ಕೈಗೊಂಡ ಕ್ರಮಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ, ವಂಚನೆಯ ದಾರಿಗಳು ಹೆಚ್ಚೇನೂ ಇಲ್ಲ ಎನ್ನುವುದು ಮೊದಲು ಕಣ್ಣಿಗೆ ಬೀಳುತ್ತದೆ. ಇಲ್ಲದ ಮಾಲನ್ನು ಇದೆ ಎನ್ನುವುದು, ಆಗದ ಮಾರಾಟವನ್ನು ಆಯಿತು ಎನ್ನುವುದು, ಕೊಡಬೇಕಾದ ರಿಯಾಯಿತಿಯನ್ನು ಮುಂದಿನ ವರ್ಷಕ್ಕೆ ತಳ್ಳುವುದು. ಮಿಕ್ಕವೆಲ್ಲ ಈ ಮೂರರ ಬೇರೆ ಬೇರೆ ವೇಷ. ನಿಯಂತ್ರಕರ ಕ್ರಮಗಳಲ್ಲಿ ಮಾತ್ರ ಇಂಥ ಸಾಮ್ಯವಿಲ್ಲ. ಒಂದು ಕಡೆ ಒಂಬತ್ತು ವರ್ಷದ ಸೆರೆ, ಇನ್ನೊಂದು ಕಡೆ ದಂಡವೇ ಇಲ್ಲ, ಮತ್ತೊಂದು ಕಡೆ ಆದೇಶ ಬಂದು ಮೂರು ವಾರದೊಳಗೆ ತಡೆಯಾಜ್ಞೆ.

ಈ ಸಾಲಿನಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಅಮೆರಿಕದ ಲೆಸ್ಲಿ ಫೇ ಕಂಪನಿಯ ಪ್ರಕರಣ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯ ಮಹಿಳಾ ದಳಕ್ಕೆ ಸಮವಸ್ತ್ರ ಹೊಲಿಸಿಕೊಟ್ಟ ಫ್ರೆಡ್ ಪೊಮೆರಾಂಟ್ಜ್ ಯುದ್ಧ ಮುಗಿದ ಮೇಲೆ ಮಗಳ ಹೆಸರಿನಲ್ಲಿ ಕಟ್ಟಿದ ಕಂಪನಿ ಅದು. ನಡುವಯಸ್ಸಿನ ಗೃಹಸ್ಥೆಯರು ಕೊಳ್ಳುವ, ಮಿತವಾದ ಬೆಲೆಯ ಉಡುಪುಗಳಿಗೆ ಹೆಸರುವಾಸಿ. ಆಮೇಲೆ ಮಗ ಜಾನ್ ಪೊಮೆರಾಂಟ್ಜ್ ಯಜಮಾನಿಕೆ ವಹಿಸಿಕೊಂಡರು. 1980ರ ದಶಕದ ಕೊನೆಗೆ ಅಮೆರಿಕದ ಹೆಂಗಸರು ಕಚೇರಿಗೂ ಸಡಿಲವಾದ ಸಾದಾ ಉಡುಪು ತೊಡತೊಡಗಿದರು. ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳು ಸಾಲದಲ್ಲಿ ಮುಳುಗಿ ಒಂದೊಂದಾಗಿ ದಿವಾಳಿಯತ್ತ ಹೊರಟವು. ಓರಗೆಯ ಕಂಪನಿಗಳೆಲ್ಲ ಏದುಸಿರು ಬಿಡುತ್ತಿದ್ದಾಗ ಲೆಸ್ಲಿ ಫೇ ಮಾತ್ರ ತ್ರೈಮಾಸಿಕದಿಂದ ತ್ರೈಮಾಸಿಕಕ್ಕೆ ಲಾಭ ತೋರಿಸುತ್ತಲೇ ಹೋಯಿತು.

ಕಂಪನಿಯ ಶೋರೂಮು, ಮಾರಾಟದ ಗದ್ದಲ, ಯಜಮಾನರ ಕೋಣೆ ಎಲ್ಲ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ. ಲೆಕ್ಕದ ಕಚೇರಿ ಮಾತ್ರ ಪೆನ್ಸಿಲ್ವೇನಿಯಾದ ವಿಲ್ಕ್ಸ್-ಬ್ಯಾರಿಯಲ್ಲಿ. ಅಲ್ಲಿ ಮುಖ್ಯ ಹಣಕಾಸು ಅಧಿಕಾರಿ ಪಾಲ್ ಪೊಲಿಶಾನ್ ಹೇಳಿದ್ದೇ ವೇದವಾಕ್ಯ. ಅಲ್ಲಿನವರು ಆ ಕಚೇರಿಯನ್ನು ‘ಪೊಲಿವರ್ಲ್ಡ್’ ಎನ್ನುತ್ತಿದ್ದರಂತೆ. ಲೆಕ್ಕ ಬರೆಯುವ ಜಾಗ ಮಾಲು ಮಾರುವ ಜಾಗದಿಂದ ಇಷ್ಟು ದೂರವಿದ್ದುದರ ಅನುಕೂಲ ಆಮೇಲೆ ತಿಳಿಯಿತು. 1993ರ ಜನವರಿ ಕೊನೆಯಲ್ಲಿ ಕಂಪನಿಯ ಕಂಟ್ರೋಲರ್, ಅಂದರೆ ಲೆಕ್ಕ ಬರೆಸುವ ಅಧಿಕಾರಿ, ತಾನು ಸುಳ್ಳು ನಮೂದುಗಳನ್ನು ಮಾಡುತ್ತ ಬಂದಿದ್ದೇನೆ ಎಂದು ಒಪ್ಪಿಕೊಂಡ. ಫೆಬ್ರುವರಿ 1ರಂದು ವಿಷಯ ಬಹಿರಂಗವಾಯಿತು. 1992ರಲ್ಲಿ 2.39 ಕೋಟಿ ಡಾಲರ್ ಲಾಭ ಎಂದಿದ್ದದ್ದು ಮೊದಲ ತಪಾಸಣೆಗೇ 1.37 ಕೋಟಿ ಡಾಲರ್ ನಷ್ಟವಾಯಿತು. ತನಿಖೆ ಮುಗಿಯುವ ಹೊತ್ತಿಗೆ ಹಿಗ್ಗಿಸಿ ತೋರಿಸಿದ್ದ ಲಾಭದ ಮೊತ್ತ ಸುಮಾರು 8 ಕೋಟಿ ಡಾಲರ್ ಮುಟ್ಟಿತ್ತು. ಏಪ್ರಿಲ್‌ನಲ್ಲಿ ಕಂಪನಿ ದಿವಾಳಿ ಕಾಯ್ದೆಯ ರಕ್ಷಣೆ ಬೇಡಿತು.

ಇದನ್ನೆಲ್ಲ ಮಾಡಿದ್ದು ಹೇಗೆ? ಇಲ್ಲದ ಉಡುಪುಗಳಿಗೆ ದಾಸ್ತಾನು ಚೀಟಿ ಬರೆದರು. ಕಾರ್ಖಾನೆಯಲ್ಲಿ ಹೊಲಿದದ್ದಕ್ಕಿಂತ ಹೆಚ್ಚು ಉಡುಪು ಹೊಲಿಯಲಾಗಿದೆ ಎಂದು ಬರೆದರು. ಆಗ ಒಂದೊಂದು ಉಡುಪಿನ ತಯಾರಿಕಾ ವೆಚ್ಚ ತಾನಾಗಿ ಇಳಿಯಿತು. ಕಳುವು, ಹರುಕು, ಕೊರತೆಗಳ ಲೆಕ್ಕವನ್ನು ಕೈಬಿಟ್ಟರು. ಗಿರಾಕಿಗಳಿಗೆ ಬಿಡಬೇಕಾದ ರಿಯಾಯಿತಿಯನ್ನು ಕಾಣದವರಂತೆ ಇದ್ದರು. ಕೈಚಳಕ ಇದ್ದದ್ದು ಇನ್ನೊಂದು ಕಡೆ: ಲಾಭದ ಶೇಕಡಾವಾರು ಹಿಂದಿನ ವರ್ಷಗಳ ಜಾಡಿನಲ್ಲೇ ಇರುವಂತೆ ಅಂಕಿಗಳನ್ನು ತಿದ್ದಿ ಕೂರಿಸುತ್ತಿದ್ದರು. ಲೆಕ್ಕಪರಿಶೋಧಕರು ಅನುಪಾತಗಳನ್ನು ಹೋಲಿಸಿ ನೋಡುತ್ತಾರೆಂದು ಗೊತ್ತಿದ್ದವರೇ ಆ ಅನುಪಾತಗಳನ್ನು ಮೊದಲು ನಿಗದಿ ಮಾಡಿ, ಅವಕ್ಕೆ ತಕ್ಕ ಲೆಕ್ಕವನ್ನು ಆಮೇಲೆ ಬರೆದರು.

ದಾಸ್ತಾನಿನ ಮೇಲೆ ಇಷ್ಟು ಕಣ್ಣೇಕೆ ಎನ್ನುವುದು ಒಂದು ಸಣ್ಣ ಲೆಕ್ಕದಲ್ಲಿ ತಿಳಿದೀತು. ಉದಾಹರಣೆಗೆ, ವರ್ಷದ ಆರಂಭದಲ್ಲಿ 100 ಕೋಟಿ ರೂಪಾಯಿಯ ಮಾಲಿದೆ. ವರ್ಷದಲ್ಲಿ ತಯಾರಿಕೆಗೆ 500 ಕೋಟಿ ಖರ್ಚಾಯಿತು. ಕೊನೆಗೆ 120 ಕೋಟಿಯ ಮಾಲು ಉಳಿಯಿತು. ಅಂದರೆ ಮಾರಿಹೋದ ಮಾಲಿನ ವೆಚ್ಚ 480 ಕೋಟಿ. ಮಾರಾಟದಿಂದ 520 ಬಂದಿದ್ದರೆ ಲಾಭ 40 ಕೋಟಿ. ಈಗ ಆ 120ನ್ನು 150 ಎಂದು ಬರೆಯಿರಿ. ಒಂದು ಅಂಗಿಯೂ ಹೆಚ್ಚಿಗೆ ಮಾರದೆ ಲಾಭ 70 ಕೋಟಿಗೆ ಏರಿತು. ಬಿಲ್ ಬೇಡ, ಗಿರಾಕಿ ಬೇಡ, ಬ್ಯಾಂಕಿಗೆ ಹಣ ಬರುವುದೂ ಬೇಡ. ಆದರೆ ಮುಂದಿನ ವರ್ಷದ ಲೆಕ್ಕ ಶುರುವಾಗುವುದೇ ಆ ಸುಳ್ಳು 150ರಿಂದ. ಹಿಂದಿನ 30 ಕೋಟಿಯನ್ನು ಮುಚ್ಚಲು ಒಂದಿಷ್ಟು, ಹೊಸ ವರ್ಷದ ಲಾಭಕ್ಕೆ ಇನ್ನೊಂದಿಷ್ಟು ಸೇರಿಸಲೇಬೇಕು. ಆದ್ದರಿಂದ ಒಮ್ಮೆ ಕೈಹಾಕಿದವರು ಒಂದೇ ವರ್ಷಕ್ಕೆ ನಿಲ್ಲಿಸುವುದಿಲ್ಲ, ನಿಲ್ಲಿಸಲಾರರು.

ಇದು ಹೊಸ ವಿದ್ಯೆಯೇನಲ್ಲ. 1938ರಲ್ಲಿ ಅಮೆರಿಕದ ಔಷಧ ಕಂಪನಿ ಮೆಕೆಸನ್ ಆ್ಯಂಡ್ ರಾಬಿನ್ಸ್ ಪ್ರಕರಣ ಹೊರಬಿದ್ದಾಗ, 8.7 ಕೋಟಿ ಡಾಲರ್ ಆಸ್ತಿಯಲ್ಲಿ ಸುಮಾರು 1.9 ಕೋಟಿ ಕಾಗದದ ಮೇಲಷ್ಟೇ ಇತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲದ ದಾಸ್ತಾನು. ಲೆಕ್ಕಪರಿಶೋಧಕರು ಗೋದಾಮಿಗೆ ಹೋಗಿ ಎಣಿಕೆಯನ್ನು ಕಣ್ಣಾರೆ ನೋಡಬೇಕೆಂಬ ಪದ್ಧತಿ ಬೇರೂರಿದ್ದು ಆ ಹಗರಣದ ಮೇಲೆಯೇ. ಅದಾದ ಅರ್ಧ ಶತಮಾನದ ನಂತರವೂ ಲೆಸ್ಲಿ ಫೇ ನಡೆಯಿತು. ಎಣಿಕೆ ನಡೆದರೂ, ಹಲವು ಊರುಗಳ ಗೋದಾಮುಗಳಲ್ಲಿ ಒಂದೆರಡನ್ನು ಆಯ್ದು ನೋಡುವವರಿಗೆ, ದಾರಿಯಲ್ಲಿದೆ ಎಂದು ಬರೆದ ಮಾಲನ್ನು ಹಿಂಬಾಲಿಸಿ ಹೋಗುವುದು ಸಾಧ್ಯವಿಲ್ಲ.

ಕ್ರಮದ ವಿಷಯಕ್ಕೆ ಬಂದರೆ, ಲೆಸ್ಲಿ ಫೇ ಪ್ರಕರಣದಲ್ಲಿ ಕಂಟ್ರೋಲರ್ ತಪ್ಪೊಪ್ಪಿಕೊಂಡ. ಪೊಲಿಶಾನ್ ಒಪ್ಪಲಿಲ್ಲ. 2000ದಲ್ಲಿ ಜ್ಯೂರಿ ಅವನ ಮೇಲಿದ್ದ 21 ಆರೋಪಗಳಲ್ಲಿ 18ರಲ್ಲಿ ದೋಷಿ ಎಂದಿತು. 2002ರಲ್ಲಿ ಒಂಬತ್ತು ವರ್ಷಗಳ ಶಿಕ್ಷೆಯಾಯಿತು. ಅಂದರೆ ಸುಳ್ಳು ಬಯಲಾದದ್ದಕ್ಕೂ ಶಿಕ್ಷೆಗೂ ನಡುವೆ ಒಂಬತ್ತು ವರ್ಷ. ಲೆಕ್ಕಪರಿಶೋಧನೆ ಮಾಡಿದ ಬಿಡಿಒ ಸೀಡ್‌ಮನ್ ಸಂಸ್ಥೆ ತಾನೂ ಮೋಸಹೋಗಿದ್ದೇನೆ ಎಂದಿತು. ಕಡೆಗೆ 1997ರಲ್ಲಿ ಷೇರುದಾರರ ದಾವೆ ರಾಜಿಯಾದಾಗ 80 ಲಕ್ಷ ಡಾಲರ್ ತೆತ್ತಿತು. ಈ ನಡುವೆ, 1994ರ ಬೇಸಿಗೆಯಲ್ಲಿ, ಪೆನ್ಸಿಲ್ವೇನಿಯಾದ ಹೊಲಿಗೆ ಘಟಕಗಳನ್ನು ಮುಚ್ಚಿ ಕೆಲಸವನ್ನು ಹೊಂಡುರಾಸಿನಂಥ ಕಡೆಗೆ ಸಾಗಿಸಲು ಹೊರಟ ಕಂಪನಿಯ ಎದುರು ಸಾವಿರಕ್ಕೂ ಹೆಚ್ಚು ಕಾರ್ಮಿಕರು, ಅವರಲ್ಲಿ ಬಹುಪಾಲು ಹೆಂಗಸರು, ಮುಷ್ಕರ ಹೂಡಿದರು. ಸುಳ್ಳು ಚೀಟಿ ಬರೆದದ್ದು ಲೆಕ್ಕದ ಕಚೇರಿ. ಆದರೆ ಷೇರುದಾರರಿಗೆ ಸಿಕ್ಕಂಥ ರಾಜಿಯ ಹಣ ಹೊಲಿಗೆ ಯಂತ್ರದ ಮುಂದೆ ಕೂತವರಿಗೆ ಸಿಗುವ ದಾರಿ ಯಾವ ನಿಯಂತ್ರಕರ ಪುಸ್ತಕದಲ್ಲೂ ಇರಲಿಲ್ಲ.

ಎರಡನೇ ದಾರಿ, ಆಗದ ಮಾರಾಟ. ಸಿಯಾಟಲ್‌ನ ಕಟರ್ ಆ್ಯಂಡ್ ಬಕ್ ಗಾಲ್ಫ್ ಆಟಗಾರರ ಉಡುಪು ಮಾರುವ ಕಂಪನಿ. ಅದರ ಹಣಕಾಸು ವರ್ಷ ಏಪ್ರಿಲ್‌ಗೆ ಮುಗಿಯುತ್ತಿತ್ತು. 2000ದ ಏಪ್ರಿಲ್ ಕೊನೆಯ ದಿನಗಳಲ್ಲಿ 55 ಲಕ್ಷ ಡಾಲರ್‌ಗೂ ಹೆಚ್ಚು ಬೆಲೆಯ ಮಾಲನ್ನು ಮೂವರು ವಿತರಕರಿಗೆ ಕಳಿಸಿ ಮಾರಾಟ ಎಂದು ಬರೆದುಕೊಂಡರು. ಮಾಲು ಹೋದದ್ದು ನಿಜ. ಆದರೆ ವಿತರಕರು ಅದನ್ನು ಮಾರಿದರಷ್ಟೇ ಹಣ ಕೊಡಬೇಕು, ಇಲ್ಲದಿದ್ದರೆ ಬೇಡ ಎಂಬ ಒಳ ಒಪ್ಪಂದವಿತ್ತು. ನಮ್ಮ ಪೇಟೆಯ ಮಾತಿನಲ್ಲಿ ‘ಮಾರಿದರೆ ದುಡ್ಡು, ಇಲ್ಲದಿದ್ದರೆ ವಾಪಸ್’ ಎಂಬ ಕರಾರು. ಇಂಥ ಮಾಲು ಇನ್ನೊಬ್ಬರ ಗೋದಾಮಿನಲ್ಲಿದ್ದರೂ ಲೆಕ್ಕದಲ್ಲಿ ಕಂಪನಿಯದೇ ದಾಸ್ತಾನು. ಆಮೇಲೆ ಮಾಲು ವಾಪಸು ಬರತೊಡಗಿತು. ಮುಖ್ಯ ಹಣಕಾಸು ಅಧಿಕಾರಿಗೆ ವಿಷಯ ತಿಳಿಯಿತು, ತಿಳಿದೂ ಲೆಕ್ಕಪರಿಶೋಧಕರಿಗೂ ನಿರ್ದೇಶಕ ಮಂಡಳಿಗೂ ಹೇಳಲಿಲ್ಲ. 2003ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಕಂಪನಿ ಹಾಗೂ ಆ ಅಧಿಕಾರಿಯ ಮೇಲೆ ಕ್ರಮ ಕೈಗೊಂಡಿತು. ಕಂಪನಿ ತಾನೇ ತನಿಖೆ ಮಾಡಿಸಿ ಲೆಕ್ಕ ತಿದ್ದಿಕೊಂಡು ಸಹಕರಿಸಿದ್ದರಿಂದ ಅದಕ್ಕೆ ದಂಡ ಹಾಕಲಿಲ್ಲ, ಅಧಿಕಾರಿಗೆ ಹಾಕಿತು.

ಈ ಭೇದ ನನಗೆ ಸರಿಯೆನಿಸುತ್ತದೆ. ಕಂಪನಿಯ ಮೇಲೆ ಹಾಕುವ ದಂಡ ಕೊನೆಗೆ ಹೋಗುವುದು ಷೇರುದಾರರ ಜೇಬಿನಿಂದ. ಅಂದರೆ ಮೋಸಹೋದವರಿಂದಲೇ ಮೋಸದ ದಂಡ ಕಿತ್ತಂತಾಯಿತು. ಸುಳ್ಳು ಬರೆಸಿದ ಕೈಗೆ ಬಿಸಿ ಮುಟ್ಟಿಸುವುದೇ ನ್ಯಾಯ.

ಮೂರನೇ ದಾರಿ, ರಿಯಾಯಿತಿ. ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಮೂಲೆ ಇದು. ದೊಡ್ಡ ಮಳಿಗೆಗಳು ಬಟ್ಟೆ ಕೊಂಡ ಮೇಲೂ ತಯಾರಕರ ಬೆನ್ನು ಬಿಡುವುದಿಲ್ಲ. ಮಾಲು ನಿರೀಕ್ಷಿಸಿದಷ್ಟು ಹೋಗದೆ ಬೆಲೆ ಇಳಿಸಿ ಮಾರಬೇಕಾದರೆ, ಆ ನಷ್ಟದ ಒಂದು ಪಾಲನ್ನು ನೀವೂ ಹೊರಿ ಎನ್ನುತ್ತವೆ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಗಳಿಂದ ವಿದೇಶಿ ಬ್ರ್ಯಾಂಡುಗಳಿಗೆ ಹೊಲಿಸಿ ಕಳಿಸುವವರಿಗೂ ಈ ಕಡಿತದ ರುಚಿ ಗೊತ್ತು. ಅಟ್ಲಾಂಟಾದ ಮಕ್ಕಳ ಉಡುಪಿನ ಕಂಪನಿ ಕಾರ್ಟರ್ಸ್‌ನಲ್ಲಿ ಮಾರಾಟ ವಿಭಾಗದ ಹಿರಿಯ ಅಧಿಕಾರಿಯೊಬ್ಬರು 2004ರಿಂದ 2009ರವರೆಗೆ ಕಂಪನಿಯ ಅತಿ ದೊಡ್ಡ ಸಗಟು ಗಿರಾಕಿಗೆ ಹೀಗೆ ರಿಯಾಯಿತಿ ಕೊಡಲು ಒಪ್ಪಿ, ಅದನ್ನು ಲೆಕ್ಕದ ವಿಭಾಗಕ್ಕೆ ತಿಳಿಸದೆ ಮುಂದಿನ ಅವಧಿಗೆ ದೂಡುತ್ತ ಬಂದರು ಎನ್ನುವುದು ಎಸ್‌ಇಸಿಯ ಆರೋಪ. ಆ ನಡುವೆ ಷೇರು ಆಯ್ಕೆಗಳಿಂದ ಅವರು 47 ಲಕ್ಷ ಡಾಲರ್ ಗಳಿಸಿದ್ದರೆಂದೂ ದೂರು ಹೇಳಿತು. ವಿಷಯ ತಿಳಿದೊಡನೆ ಕಂಪನಿ ತಾನಾಗಿ ನಿಯಂತ್ರಕರ ಬಳಿ ಹೋಯಿತು. 2010ರ ಡಿಸೆಂಬರ್‌ನಲ್ಲಿ ಎಸ್‌ಇಸಿ ಕಂಪನಿಯ ಮೇಲೆ ಮೊಕದ್ದಮೆ ಹೂಡುವುದಿಲ್ಲವೆಂಬ ಒಪ್ಪಂದಕ್ಕೆ ಸಹಿ ಹಾಕಿತು. ಅದರ ಚರಿತ್ರೆಯಲ್ಲಿ ಅಂಥ ಒಪ್ಪಂದ ಅದೇ ಮೊದಲು.

ಗಮನಿಸಿ, ಇಲ್ಲಿ ತಪ್ಪು ಹುಟ್ಟಿದ್ದು ಲೆಕ್ಕದ ಮನೆಯಲ್ಲಿ ಅಲ್ಲವೇ ಅಲ್ಲ. ಮಾರಾಟದವರು ಬಾಯಿಮಾತಿನಲ್ಲಿ ಕೊಟ್ಟ ಭರವಸೆ ಯಾವ ವೋಚರಿನಲ್ಲೂ ಇರುವುದಿಲ್ಲ. ವೋಚರು ತಿರುವಿ ಹಾಕುವ ಆಡಿಟ್ ಅದನ್ನು ಹಿಡಿಯುವುದು ಕಷ್ಟ. ಗಿರಾಕಿಯನ್ನೇ ನೇರವಾಗಿ ಕೇಳಿದರೆ ಮಾತ್ರ ಗೊತ್ತಾದೀತು.

ಈ ದಾರಿಗಳ ಅಂಚಿನಲ್ಲಿ ನಿಂತದ್ದು ಬಾಲ್ಟಿಮೋರಿನ ಅಂಡರ್ ಆರ್ಮರ್. ಆ ಕ್ರೀಡಾ ಉಡುಪಿನ ಕಂಪನಿ 26 ತ್ರೈಮಾಸಿಕಗಳ ಕಾಲ ಸತತವಾಗಿ ಶೇ. 20ಕ್ಕಿಂತ ಹೆಚ್ಚು ಬೆಳವಣಿಗೆ ತೋರಿಸಿತ್ತು. 2015ರ ದ್ವಿತೀಯಾರ್ಧದಿಂದ ಆರು ತ್ರೈಮಾಸಿಕಗಳಲ್ಲಿ, ಮುಂದಿನ ಅವಧಿಗೆ ಗಿರಾಕಿಗಳು ಕೇಳಿದ್ದ 40.8 ಕೋಟಿ ಡಾಲರ್ ಮಾಲನ್ನು ಮೊದಲೇ ಕಳಿಸಿ ಅಂಕಿಗಳನ್ನು ಕಾಪಾಡಿಕೊಂಡಿತು. ಮಾರಾಟ ನಿಜ, ಗಿರಾಕಿ ನಿಜ. ಈ ಬೆಳವಣಿಗೆ ನಾಳೆಯ ಬುತ್ತಿಯನ್ನು ಇಂದೇ ಬಿಚ್ಚಿದ್ದು ಎಂಬುದನ್ನು ಹೂಡಿಕೆದಾರರಿಗೆ ಹೇಳಲಿಲ್ಲ, ಅಷ್ಟೇ ದೂರು. ಲೆಕ್ಕ ಬರೆದ ರೀತಿ ತಪ್ಪು ಎಂದು ಎಸ್‌ಇಸಿ ಹೇಳಲಿಲ್ಲ. 2021ರಲ್ಲಿ ಕಂಪನಿ ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ 90 ಲಕ್ಷ ಡಾಲರ್ ಕಟ್ಟಿ ವ್ಯವಹಾರ ಮುಗಿಸಿತು. ಆ ಗಾತ್ರದ ಕಂಪನಿಗೆ ಅದು ಜಾಹೀರಾತಿನ ಚಿಲ್ಲರೆ. ವಂಚನೆಗೂ ಜಾಣತನಕ್ಕೂ ನಡುವಣ ಗೆರೆ ಎಲ್ಲಿದೆ ಎಂದು ಕೇಳುವವರಿಗೆ ಇದಕ್ಕಿಂತ ತೊಡಕಿನ ಉದಾಹರಣೆ ಸಿಗಲಾರದು.

ಬ್ರಿಟನ್ನಿನ ಉಡುಪು ಕಂಪನಿ ಟೆಡ್ ಬೇಕರ್‌ನ ಪ್ರಸಂಗವನ್ನು ಎರಡು ಮಾತಿನಲ್ಲಿ ಮುಗಿಸಬಹುದು. 2019ರ ಡಿಸೆಂಬರ್‌ನಲ್ಲಿ ದಾಸ್ತಾನು 2ರಿಂದ 2.5 ಕೋಟಿ ಪೌಂಡ್ ಹೆಚ್ಚಾಗಿ ದಾಖಲಾಗಿರಬಹುದು ಎಂದಿತು. ಮರು ತಿಂಗಳು ಹೊರಗಿನವರ ಪರಿಶೀಲನೆ ಮುಗಿದಾಗ ಅದು 5.8 ಕೋಟಿ ಪೌಂಡ್. ಮಾಲಿನ ಬೆಲೆ ಅಂದಾಜಿನ ಮೇಲೆ ನಿಂತಿರುವಾಗ ಮೊದಲು ಹೇಳಿದ ಅಂಕಿಯನ್ನು ಅರ್ಧ ಎಂದು ತಿಳಿಯುವುದೇ ಕ್ಷೇಮ.

ಲೆಕ್ಕಪರಿಶೋಧಕರ ಮೇಲೆ ಬಿದ್ದ ಅತಿ ಕಠಿಣ ಏಟು ಜಪಾನಿನದು. ಕಾನೆಬೊ ಶುರುವಾದದ್ದು 1887ರಲ್ಲಿ, ಹತ್ತಿಯ ಕಂಪನಿಯಾಗಿ. ಆಮೇಲೆ ಸೌಂದರ್ಯವರ್ಧಕಗಳಿಂದ ಹೆಸರಾದರೂ ಜವಳಿ ವಿಭಾಗದ ನಷ್ಟ ಅದನ್ನು ಒಳಗೇ ತಿನ್ನುತ್ತಿತ್ತು. ಕಂಬಳಿ ತಯಾರಿಸುವ ಒಂದು ನಂಟಿನ ಕಂಪನಿಯ ನಷ್ಟವನ್ನು ಒಟ್ಟು ಲೆಕ್ಕದಿಂದ ಹೊರಗಿಟ್ಟದ್ದೂ ಸೇರಿ, ಐದು ವರ್ಷಗಳಲ್ಲಿ ಹಿಗ್ಗಿಸಿದ ಲಾಭ 20,000 ಕೋಟಿ ಯೆನ್ ದಾಟಿತ್ತು. 2005ರಲ್ಲಿ ಷೇರುಪೇಟೆಯಿಂದ ಕಂಪನಿಯ ಹೆಸರು ಕಿತ್ತುಹಾಕಿದರು. ಮಾಜಿ ಅಧಿಕಾರಿಗಳನ್ನಷ್ಟೇ ಅಲ್ಲ, ಲೆಕ್ಕಪರಿಶೋಧಕರನ್ನೂ ಬಂಧಿಸಿದರು. ಮರುವರ್ಷ ಜಪಾನಿನ ಹಣಕಾಸು ಸೇವಾ ಸಂಸ್ಥೆ, ದೇಶದ ನಾಲ್ಕು ದೊಡ್ಡ ಆಡಿಟ್ ಸಂಸ್ಥೆಗಳಲ್ಲಿ ಒಂದಾದ ಚುಓ ಆಒಯಾಮಾಗೆ ಎರಡು ತಿಂಗಳು ಕೆಲಸ ನಿಲ್ಲಿಸುವಂತೆ ಆದೇಶಿಸಿತು. ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿದರು. ಸಂಸ್ಥೆ ಹೆಸರು ಬದಲಿಸಿಕೊಂಡು ನೋಡಿತು. 2007ರಲ್ಲಿ ಬಾಗಿಲು ಹಾಕಿತು. ಇದು ಅತಿಯಾಯಿತೇ? ಸಾವಿರಾರು ಪ್ರಾಮಾಣಿಕ ಲೆಕ್ಕಿಗರೂ ಆ ಸಂಸ್ಥೆಯಲ್ಲಿದ್ದರು ಎನ್ನುವುದು ನಿಜ. ಆದರೂ ಸಹಿ ಹಾಕುವ ಕೈಗೆ ಒಂದು ಕ್ಷಣ ತಡೆ ಬರಬೇಕಾದರೆ ಇಂಥದೊಂದು ನೆನಪು ವೃತ್ತಿಯಲ್ಲಿ ಉಳಿದಿರಬೇಕು.

ನಮ್ಮಲ್ಲಿ ಹೇಗೆ? ಜವಳಿ ಹೆಸರಿನ ಕಂಪನಿಯೊಂದರ ಲೆಕ್ಕದ ಬಗ್ಗೆ ಇತ್ತೀಚೆಗೆ ದೊಡ್ಡ ಸದ್ದು ಮಾಡಿದ್ದು 2022ರ ಅಕ್ಟೋಬರ್ 21ರಂದು ನಮ್ಮ ಷೇರುಪೇಟೆ ನಿಯಂತ್ರಕ ಸೆಬಿ ಹೊರಡಿಸಿದ ಆದೇಶ. 1879ರಲ್ಲಿ ಹುಟ್ಟಿದ ಬಾಂಬೆ ಡೈಯಿಂಗ್ ಅದರ ಕೇಂದ್ರ. ವ್ಯವಹಾರ ಬಟ್ಟೆಯದಲ್ಲ, ಫ್ಲ್ಯಾಟುಗಳದು. ಮುಂಬೈನ ಗಿರಣಿಗಳು ನಿಂತ ಮೇಲೆ ಅವುಗಳ ನೆಲವೇ ಬಂಡವಾಳವಾಗಿದೆಯಲ್ಲ, ಹಾಗೆ. ಕಂಪನಿ ತನ್ನ ಫ್ಲ್ಯಾಟುಗಳನ್ನು ವಾಡಿಯಾ ಸಮೂಹಕ್ಕೇ ಸೇರಿದ ಸ್ಕಾಲ್ ಸರ್ವೀಸಸ್‌ಗೆ ಸಗಟಾಗಿ ಮಾರಿದಂತೆ ತೋರಿಸಿ, 2011–12ರಿಂದ 2017–18ರವರೆಗೆ 2,492.94 ಕೋಟಿ ರೂಪಾಯಿ ಮಾರಾಟವನ್ನೂ 1,302.20 ಕೋಟಿ ಲಾಭವನ್ನೂ ಹಿಗ್ಗಿಸಿತು ಎಂದು ಸೆಬಿ ಹೇಳಿತು. ಕಂಪನಿಯನ್ನೂ ನುಸ್ಲಿ ವಾಡಿಯಾ ಮತ್ತು ಅವರ ಇಬ್ಬರು ಮಕ್ಕಳನ್ನೂ ಷೇರುಪೇಟೆಯಿಂದ ಎರಡು ವರ್ಷದವರೆಗೆ ದೂರವಿಟ್ಟು, ಎಲ್ಲರಿಗೂ ಸೇರಿ 15.75 ಕೋಟಿ ದಂಡ ವಿಧಿಸಿತು. ಕಂಪನಿ ಇದನ್ನು ಒಪ್ಪದೆ ಮೇಲ್ಮನವಿ ಹೋಯಿತು. ನವೆಂಬರ್‌ನಲ್ಲೇ ಷೇರುಪೇಟೆ ಮೇಲ್ಮನವಿ ನ್ಯಾಯಮಂಡಳಿ ಆದೇಶಕ್ಕೆ ತಡೆ ಕೊಟ್ಟಿತು.

ಆ ಆದೇಶದಲ್ಲಿ ನನಗೆ ಮುಖ್ಯವೆನಿಸಿದ್ದು ಒಂದು ಅಂಕಿ: 19. ಸ್ಕಾಲ್‌ನಲ್ಲಿ ಬಾಂಬೆ ಡೈಯಿಂಗ್‌ನ ನೇರ ಪಾಲು ಶೇ. 19. ಲೆಕ್ಕದ ಮಾನದಂಡಗಳ ಪ್ರಕಾರ ಶೇ. 20 ಮುಟ್ಟಿದರೆ ಅದನ್ನು ಸಹವರ್ತಿ ಕಂಪನಿ ಎಂದೇ ಮೊದಲು ಭಾವಿಸಬೇಕು. ಆಗ ಅದರೊಂದಿಗಿನ ವ್ಯವಹಾರದ ಲಾಭವನ್ನು ಪೂರ್ತಿ ತೋರಿಸಿಕೊಳ್ಳಲಾಗದು. ಮಿಕ್ಕ ಪಾಲು ಸಮೂಹದ ಬೇರೆ ಕಂಪನಿಗಳ ಕೈಯಲ್ಲಿತ್ತು, ಕಾಗದದ ಮೇಲೆ 19 ಆದರೂ ಹಿಡಿತ ಪೂರ್ತಿ ಎನ್ನುವುದು ಸೆಬಿಯ ವಾದ. ವ್ಯವಹಾರದ ತಿರುಳು ನೋಡಬೇಕೇ, ಕಾಗದದ ರೂಪ ನೋಡಬೇಕೇ? ಮೇಲ್ಮನವಿ ಯಾವ ದಿಕ್ಕಿಗೆ ಸಾಗಿದರೂ ಈ ಪ್ರಶ್ನೆ ಇಂಥ ಎಲ್ಲ ಪ್ರಕರಣಗಳಲ್ಲೂ ಎದ್ದೇ ಏಳುತ್ತದೆ.

ಕಾನೂನಿನ ಕೊರತೆ ನಮಗಿಲ್ಲ. 2013ರ ಕಂಪನಿ ಕಾಯ್ದೆಯ 447ನೇ ಕಲಂ ವಂಚನೆಗೆ ಹತ್ತು ವರ್ಷದವರೆಗೆ ಸೆರೆವಾಸ ಹೇಳುತ್ತದೆ. ಲೆಕ್ಕ ತಿದ್ದಬೇಕಾಗಿ ಬಂದರೆ ಅಧಿಕಾರಿಗಳು ಹೆಚ್ಚಿಗೆ ಪಡೆದ ಸಂಭಾವನೆಯನ್ನು ವಸೂಲು ಮಾಡಲು 199ನೇ ಕಲಂ ಇದೆ. ಸೆಬಿ ಮೋಸದ ವ್ಯವಹಾರಕ್ಕೆ 25 ಕೋಟಿ ಅಥವಾ ಗಳಿಸಿದ ಲಾಭದ ಮೂರು ಪಟ್ಟು ದಂಡ ಹಾಕಬಲ್ಲದು. ಸತ್ಯಂ ಕಂಪನಿಯ ಲೆಕ್ಕಪತ್ರ ಹಗರಣದ ಗಾಯ ಆರುವ ಮುನ್ನ ರೂಪಿಸಿದ ಇದೇ ಕಾಯ್ದೆಯಡಿ 2018ರಲ್ಲಿ ಬಂದ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ ತಪ್ಪಿತಸ್ಥ ಲೆಕ್ಕಪರಿಶೋಧಕರನ್ನು ಹತ್ತು ವರ್ಷದವರೆಗೆ ವೃತ್ತಿಯಿಂದ ಹೊರಗಿಡಬಹುದು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್ ಪ್ರತಿ ತಿದ್ದುಪಡಿಯ ಜಾಡನ್ನೂ ದಿನಾಂಕ ಸಮೇತ ಉಳಿಸಿಕೊಳ್ಳಬೇಕು. ಜಾಡು ಉಳಿಸುವ ಆ ವ್ಯವಸ್ಥೆಯನ್ನು ನಿಲ್ಲಿಸಿಡಲು ಬರಬಾರದು. ವಿಲ್ಕ್ಸ್-ಬ್ಯಾರಿಯಲ್ಲಿ ಇಂಥದೊಂದು ಇದ್ದಿದ್ದರೆ ತ್ರೈಮಾಸಿಕ ಮುಗಿದ ಮೇಲೆ ಅಂಕಿ ಕೂರಿಸುವ ಕೆಲಸ ಅಷ್ಟು ಸಲೀಸಾಗುತ್ತಿರಲಿಲ್ಲ. ನಾವು ಎಡವುವುದು ಕಾಲದ ವಿಷಯದಲ್ಲಿ. ಬಾಂಬೆ ಡೈಯಿಂಗ್ ಮೇಲೆ ಸೆಬಿಯ ಆದೇಶ ಬರುವ ಹೊತ್ತಿಗೆ ಮೊದಲ ವ್ಯವಹಾರಕ್ಕೆ ಹತ್ತು ವರ್ಷ ತುಂಬಿತ್ತು. ಅಷ್ಟರಲ್ಲಿ ಷೇರು ಎಷ್ಟು ಕೈ ದಾಟಿರುತ್ತದೋ!

ಷೇರುದಾರರಿಗಿಂತ ಮೊದಲೇ ದಾಸ್ತಾನಿನ ಸುಳ್ಳಿಗೆ ಸಿಕ್ಕಿಬೀಳುವವರು ಇನ್ನೊಬ್ಬರಿದ್ದಾರೆ, ಬ್ಯಾಂಕಿನವರು. ದುಡಿಯುವ ಬಂಡವಾಳಕ್ಕೆ ಸಾಲ ಪಡೆದ ಕಂಪನಿ ಕಾಲಕಾಲಕ್ಕೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ಅದರಲ್ಲಿ ಮಾಲು ಹೆಚ್ಚಿದ್ದಷ್ಟೂ ಡ್ರಾಯಿಂಗ್ ಪವರ್ ಹೆಚ್ಚು, ಅಂದರೆ ಸಾಲ ಎತ್ತುವ ಮಿತಿ ಹೆಚ್ಚು. ಹೋದ ವರ್ಷದ ಮಾರದ ಮಾಲು ಈ ಪಟ್ಟಿಯಲ್ಲಿ ಹೊಸದರಂತೆ ಹೊಳೆಯುತ್ತಿರುತ್ತದೆ. ಬ್ಯಾಂಕಿಗೊಂದು ಲೆಕ್ಕ, ಪುಸ್ತಕಕ್ಕೊಂದು ಲೆಕ್ಕ ಎಂಬ ಈ ಹಳೆಯ ಚಾಳಿಗೆ ಕೈಹಾಕಿದ್ದು 2020ರ ಲೆಕ್ಕಪರಿಶೋಧಕರ ವರದಿ ಆದೇಶ. ದಾಸ್ತಾನಿನ ಎಣಿಕೆಯಲ್ಲಿ ಯಾವುದೇ ಬಗೆಯ ಮಾಲಿನಲ್ಲಿ ಶೇ. 10 ಅಥವಾ ಹೆಚ್ಚಿನ ವ್ಯತ್ಯಾಸ ಕಂಡಿತೇ, ಐದು ಕೋಟಿ ಮೀರಿದ ಸಾಲದ ಮಿತಿ ಇದ್ದರೆ ಬ್ಯಾಂಕಿಗೆ ಕೊಟ್ಟ ತ್ರೈಮಾಸಿಕ ಪಟ್ಟಿ ಪುಸ್ತಕದ ಲೆಕ್ಕದೊಡನೆ ತಾಳೆಯಾಗುತ್ತದೆಯೇ ಎಂಬ ಎರಡು ಪ್ರಶ್ನೆಗಳಿಗೆ ಲೆಕ್ಕಪರಿಶೋಧಕರು ಬರಹದಲ್ಲಿ ಉತ್ತರ ಕೊಡಬೇಕು. ವಾರ್ಷಿಕ ವರದಿಯಲ್ಲಿ ಅವರ ವರದಿಗೆ ಲಗತ್ತಿಸಿದ ಅನುಬಂಧದ ಎರಡನೇ ಖಂಡ ಇದು. ಬಣ್ಣದ ಚಿತ್ರಗಳೂ ಅಧ್ಯಕ್ಷರ ಭಾಷಣವೂ ಮುಗಿದು ಎಷ್ಟೋ ಪುಟಗಳಾದ ಮೇಲೆ, ಸಣ್ಣ ಅಕ್ಷರದಲ್ಲಿ ಇರುತ್ತದೆ. ತಾಳೆಯಾಗದಿದ್ದರೆ ಯಾವ ತ್ರೈಮಾಸಿಕದಲ್ಲಿ ಎಷ್ಟು ವ್ಯತ್ಯಾಸ ಎಂಬ ಕೋಷ್ಟಕವೂ ಅಲ್ಲೇ ಅಥವಾ ಲೆಕ್ಕದ ಟಿಪ್ಪಣಿಗಳಲ್ಲಿ ಸಿಗುತ್ತದೆ.